ಬೇಕೆಂದಾಗ ಬಾರದ ಅಲೆಮಾರಿ ವ್ಯಾಪಾರಿ: ಮೈನ್‌ಕ್ರಾಫ್ಟ್‌ನಲ್ಲಿ ಇವನನ್ನು ಹಿಡಿಯುವ ಉಪಾಯವಿದೆಯೇ?

ತುಂಗಾತೀರ (ಪ್ರಶ್ನೆ)

ಆಟ ಬಲ್ಲ ಮಿತ್ರರೆಲ್ಲರಿಗೂ ನಮಸ್ಕಾರ.

ನಾನು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ (ಕಂಪ್ಯೂಟರ್‌ಗೆಂದೇ ಇರುವ ಆವೃತ್ತಿ) ಸರ್ವೈವಲ್, ಅಂದರೆ ಬೇಕಾದುದನ್ನು ತಾನೇ ಕಲೆಹಾಕಿ ಬದುಕುವ ಬಗೆ, ಆಡುತ್ತಿದ್ದೇನೆ. ಸಮುದ್ರದ ದಡದಲ್ಲಿ ಮನೆ ಕಟ್ಟಿರುವುದರಿಂದ ನೀರಿನಡಿಯ ಕೆಲಸಕ್ಕೆ ಒಂದು ಕಾಂಡ್ಯೂಟ್ (ನೀರಿನಡಿ ಉಸಿರಾಡಲು ನೆರವಾಗುವ ಸಾಧನ) ಮಾಡಿಕೊಳ್ಳುವ ಆಸೆ. ಹೂತಿಟ್ಟ ನಿಧಿಯೊಂದರಲ್ಲಿ ಅದಕ್ಕೆ ಬೇಕಾದ ಹಾರ್ಟ್ ಆಫ್ ದ ಸೀ ಎಂಬ ವಸ್ತು ಸಿಕ್ಕಿದೆ; ಅದರ ಸುತ್ತ ಜೋಡಿಸಬೇಕಾದ 8 ನಾಟಿಲಸ್ ಚಿಪ್ಪುಗಳು ಮಾತ್ರ ಇನ್ನೂ ಕೂಡಿಬಂದಿಲ್ಲ. ಅಲೆಮಾರಿ ವ್ಯಾಪಾರಿಯು ಒಂದೊಂದು ಚಿಪ್ಪನ್ನು 5 ಎಮರಾಲ್ಡ್‌ಗೆ (ಆಟದಲ್ಲಿ ಹಣದಂತೆ ಸಲ್ಲುವ ಹಸಿರು ರತ್ನ) ಮಾರುವುದುಂಟು ಎಂದು ತಿಳಿದಂದಿನಿಂದ ಪೆಟ್ಟಿಗೆ ತುಂಬ ಎಮರಾಲ್ಡ್ ಕೂಡಿಟ್ಟುಕೊಂಡು ಆ ಮಹಾನುಭಾವನ ದಾರಿ ಕಾಯುತ್ತಿದ್ದೇನೆ.

ನನ್ನ ಬಳಿ ಒಂದು ಎಮರಾಲ್ಡ್ ಕೂಡ ಇಲ್ಲದಿದ್ದ ಕಾಲದಲ್ಲಿ ಇವನು ಕರೆಯದೆಯೇ ಬಂದು, ತನ್ನೆರಡು ಲಾಮಾಗಳೊಂದಿಗೆ (ಒಂಟೆಯ ಜಾತಿಯ ಪ್ರಾಣಿಗಳು) ಅಂಗಳದ ಬಾಗಿಲಿಗೆ ಅಡ್ಡ ನಿಂತು, ಹೋಗಲು ಬರಲು ದಾರಿಯಿಲ್ಲದಂತೆ ಮಾಡುತ್ತಿದ್ದ. ಈಗ ಕೊಳ್ಳುವ ಶಕ್ತಿ ಬಂದಿದೆ, ಆಸಾಮಿ ನಾಪತ್ತೆ. ಕಾಡು, ಮರುಭೂಮಿ, ಹಿಮದ ಬಯಲು ಎಲ್ಲವನ್ನೂ ಕುದುರೆಯ ಮೇಲೆ ಸುತ್ತಿದ್ದಾಯಿತು. ಒಮ್ಮೆ ಮುಸ್ಸಂಜೆಯಲ್ಲಿ ನನ್ನದೇ ಮನೆಯ ಚಾವಣಿಯ ಮೇಲೆ ಅವನ ನೀಲಿ ನಿಲುವಂಗಿ ಕಂಡಿತು. ಎಮರಾಲ್ಡ್ ತರಲು ಒಳಗೆ ಹೋಗಿ ಏಣಿ ಹತ್ತಿ ಬರುವಷ್ಟರಲ್ಲಿ ಅಲ್ಲಿ ಉಳಿದಿದ್ದವು ಲಾಮಾಗಳು ಮಾತ್ರ. ಅವುಗಳ ಕೊರಳಿನ ಹಗ್ಗಗಳ ಇನ್ನೊಂದು ತುದಿಯನ್ನು ಯಾರೂ ಹಿಡಿದಿರಲಿಲ್ಲ, ಆದರೂ ಅದು ಗಾಳಿಯಲ್ಲಿ ಬಿಗಿಯಾಗಿ ನಿಂತಿತ್ತು.

ಇವನನ್ನು ಎಲ್ಲಿ ಹುಡುಕಬೇಕು, ಬಂದಾಗ ಹೇಗೆ ತಡೆದು ನಿಲ್ಲಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಈ ಬಗೆಯ ಬೇರೆ ಆಟಗಳ ವರ್ತಕರೂ ಹೀಗೆಯೇ ಸತಾಯಿಸುತ್ತಾರೆಯೇ ಎಂಬ ಕುತೂಹಲವೂ ಇದೆ. ಕಷ್ಟ ನನ್ನೊಬ್ಬನದೇ ಅಲ್ಲವೆಂದು ತಿಳಿದರೂ ಅಷ್ಟು ಸಮಾಧಾನ.

ರಾತ್ರಿಪಾಳಿ

ತುಂಗಾತೀರರೇ, ಮೊದಲು ಕುದುರೆಯನ್ನು ಲಾಯಕ್ಕೆ ಕಟ್ಟಿ. ಈ ವ್ಯಾಪಾರಿಗೆ ಮನೆಯಿಲ್ಲ, ಊರಿಲ್ಲ, ನಡೆದು ಬರುವ ದಾರಿಯೂ ಇಲ್ಲ. ನೀವು ಮರುಭೂಮಿಯಲ್ಲಿ ಹುಡುಕುತ್ತಿರುವ ಹೊತ್ತಿನಲ್ಲಿ ಅವನು ಲೋಕದ ಇನ್ನಾವುದೋ ಮೂಲೆಯಲ್ಲಿ ತಿರುಗುತ್ತಿರುವುದಿಲ್ಲ. ಅವನು ಇರುವುದೇ ಇಲ್ಲ. ಆಟವು ಆಟಗಾರನೊಬ್ಬನನ್ನು ಆರಿಸಿಕೊಂಡು ಅವನ ಸುತ್ತಲಿನ 48 ಬ್ಲಾಕ್‌ಗಳೊಳಗೆ (ಬ್ಲಾಕ್ ಎಂದರೆ ಆ ಲೋಕವನ್ನು ಕಟ್ಟಿರುವ ಘನಾಕಾರದ ತುಂಡು) ವ್ಯಾಪಾರಿಯನ್ನು ತಂದು ನಿಲ್ಲಿಸುತ್ತದೆ. ಆದ್ದರಿಂದ ದೂರ ಹೋಗಿ ಹುಡುಕುವುದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

2019ರ ಏಪ್ರಿಲ್‌ನಲ್ಲಿ 1.14ನೆಯ ಆವೃತ್ತಿಯೊಂದಿಗೆ ಇವನು ಆಟಕ್ಕೆ ಬಂದ. ಜಾವಾದಲ್ಲಿ ಇವನು ಬರುವ ಲೆಕ್ಕ ಹೀಗಿದೆ. ಆಟದ ಒಂದು ದಿನಕ್ಕೊಮ್ಮೆ, ಅಂದರೆ ನಮ್ಮ 20 ನಿಮಿಷಕ್ಕೊಮ್ಮೆ, ಇವನನ್ನು ಕರೆಸಬೇಕೇ ಬೇಡವೇ ಎಂದು ಆಟ ದಾಳ ಹಾಕುತ್ತದೆ. ಮೊದಲ ಸಲ ಅವಕಾಶ ಶೇಕಡಾ 25. ಬಾರದಿದ್ದರೆ ಮುಂದಿನ ಸಲ 50, ಆಮೇಲೆ 75, ಅಲ್ಲಿಗೆ ಏರಿಕೆ ನಿಲ್ಲುತ್ತದೆ. ಇಷ್ಟೇ ಆಗಿದ್ದರೆ ಯಾರಿಗೂ ದೂರು ಇರುತ್ತಿರಲಿಲ್ಲ. ಆದರೆ ಈ ದಾಳ ಗೆದ್ದ ಮೇಲೆ ಹತ್ತರಲ್ಲಿ ಒಂದು ಅವಕಾಶದ ಇನ್ನೊಂದು ದಾಳವನ್ನೂ ಗೆಲ್ಲಬೇಕು. ಹೀಗಾಗಿ ನಿಜವಾದ ಅವಕಾಶ 2.5, 5, 7.5ಕ್ಕೆ ಇಳಿಯುತ್ತದೆ. ಕೂಡಿ ನೋಡಿದರೆ ಒಬ್ಬ ವ್ಯಾಪಾರಿಯ ದರ್ಶನಕ್ಕೆ ಸರಾಸರಿ ನಾಲ್ಕೂಮುಕ್ಕಾಲು ಗಂಟೆ ಆಡಬೇಕಾಗುತ್ತದೆ. ನಿಲ್ಲಲು ಸರಿಯಾದ ಜಾಗ ಸಿಗದೆ ತಪ್ಪಿಹೋಗುವ ಸಂದರ್ಭಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಚಾವಣಿಯ ಸಂಗತಿಗೂ ಕಾರಣವಿದೆ. ಅವನನ್ನು ಇಳಿಸಲು ಆಟ ಹುಡುಕುವುದು ಆ ಜಾಗದ ಅತ್ಯಂತ ಮೇಲಿನ ನೆಲವನ್ನು. ಅಲ್ಲಿ ನಿಮ್ಮ ಮನೆಯಿದ್ದರೆ ಚಾವಣಿಯೇ ಅವನಿಗೆ ನೆಲ. ಇದರ ಇನ್ನೊಂದು ಪರಿಣಾಮ ಇನ್ನೂ ಕ್ರೂರವಾದುದು: ನೀವು ವಜ್ರಕ್ಕಾಗಿ ಪಾತಾಳದಲ್ಲಿ ಸುರಂಗ ಕೊರೆಯುತ್ತಿದ್ದರೂ ಅವನು ನಿಮ್ಮ ನೆತ್ತಿಯ ನೇರಕ್ಕೆ, ಮೇಲಿನ ಬಯಲಿನಲ್ಲಿ, ಬಿಸಿಲು ಕಾಯುತ್ತಾ ನಿಂತಿರುತ್ತಾನೆ. ಅವನ ಆಯುಸ್ಸು 40 ನಿಮಿಷ. ನೀವು ಮೇಲೆ ಬರುವಷ್ಟರಲ್ಲಿ ಅವನು ಬಂದಿದ್ದ ಎಂಬುದಕ್ಕೆ ಸಾಕ್ಷಿಯೂ ಇರುವುದಿಲ್ಲ. ಗಣಿಯಲ್ಲೇ ಕಾಲ ಕಳೆಯುವವರು "ನನ್ನ ಲೋಕದಲ್ಲಿ ವ್ಯಾಪಾರಿಯೇ ಬರುವುದಿಲ್ಲ" ಎಂದು ಗೋಳಾಡುವುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಊಹೆ.

ಇನ್ನು ಉಪಾಯ. ಮನೆಯ ಬಳಿ ತೆರೆದ ಜಾಗದಲ್ಲಿ ಒಂದು ಬೆಲ್ (ಬಾರಿಸುವ ಗಂಟೆ) ನೆಡಿ. ಆರಿಸಿದ ಆಟಗಾರನ 48 ಬ್ಲಾಕ್‌ಗಳೊಳಗೆ ಬೆಲ್ ಇದ್ದರೆ ಆಟವು ಆಟಗಾರನ ಬದಲು ಬೆಲ್ಲನ್ನೇ ಕೇಂದ್ರವಾಗಿ ಹಿಡಿಯುತ್ತದೆ. ಅದಕ್ಕೆ ಹಳ್ಳಿ ಇರಬೇಕೆಂದಿಲ್ಲ. ವ್ಯಾಪಾರಿ ಎಲ್ಲೇ ಇಳಿದರೂ ಬೆಲ್ಲಿನತ್ತ ನಡೆದು ಬಂದು ಅದರ ಸುತ್ತಲಿನ 16 ಬ್ಲಾಕ್‌ಗಳೊಳಗೆ ಸುಳಿದಾಡಲು ಯತ್ನಿಸುತ್ತಾನೆ. ಬೆಲ್ ಇಟ್ಟ ಮಾತ್ರಕ್ಕೆ ಅವನು ಹೆಚ್ಚು ಸಲ ಬರುವುದಿಲ್ಲ, ಆದರೆ ಬಂದಾಗ ಕಣ್ಣಿಗೆ ಬೀಳುತ್ತಾನೆ. ನೆದರ್ ಎಂಬ ಬೆಂಕಿಯ ಲೋಕದಲ್ಲಿ ಕುಳಿತು ಕಾಯುವುದರಿಂದ ಮಾತ್ರ ಏನೂ ಆಗದು, ಅವನು ಓವರ್‌ವರ್ಲ್ಡ್‌ನವನು, ಅಂದರೆ ಆಟದ ಮಾಮೂಲಿ ಲೋಕದವನು.

ಗಾಳಿಯಲ್ಲಿ ಬಿಗಿದು ನಿಂತ ಹಗ್ಗದ ಪವಾಡವೂ ಇಷ್ಟೇ: ಕತ್ತಲಾಗುತ್ತಿದ್ದಂತೆ ಅವನು ಅದೃಶ್ಯವಾಗುವ ಮದ್ದು ಕುಡಿಯುತ್ತಾನೆ, ಬೆಳಗಾದಾಗ ಹಾಲು ಕುಡಿದು ಮತ್ತೆ ಕಾಣಿಸಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಅವನು ಎಲ್ಲಿಗೂ ಹೋಗಿರಲಿಲ್ಲ. ಹಗ್ಗದ ತುದಿ ಎಲ್ಲಿತ್ತೋ ಅಲ್ಲೇ ಕ್ಲಿಕ್ ಮಾಡಿದ್ದರೆ ಅಂಗಡಿ ತೆರೆಯುತ್ತಿತ್ತು.

ಹಸಿರುಮಣಿ

ರಾತ್ರಿಪಾಳಿಯವರ ವಿವರಣೆಗೆ ನನ್ನದೊಂದು ಅಡಿಟಿಪ್ಪಣಿ. ಅವನು ಸಿಕ್ಕ ಮೇಲೆ ಶುರುವಾಗುವ ಸಂಕಟವನ್ನೂ ಹೇಳಿಬಿಡಬೇಕು.

ಗಂಟೆಗಟ್ಟಲೆ ಕಾದು, ಓಡೋಡಿ ಹೋಗಿ, ಎದೆ ಢವಗುಟ್ಟುತ್ತಾ ಅವನ ಗಂಟು ಬಿಚ್ಚಿಸಿದರೆ ಒಳಗಿರುವುದೇನು? ಮನೆಯ ಹಿಂದೆಯೇ ಪುಕ್ಕಟೆ ಬೆಳೆದಿರುವ ಓಕ್ ಸಸಿಗೆ 5 ಎಮರಾಲ್ಡ್. ಸಮುದ್ರದಡಿಯಲ್ಲಿ ಯಾರೂ ಕೇಳುವವರಿಲ್ಲದೆ ಬಿದ್ದಿರುವ ಕೆಲ್ಪ್ ಎಂಬ ಕಡಲಪಾಚಿಗೆ 3 ಎಮರಾಲ್ಡ್. ಇದನ್ನು ಅವನು ಹೇಳುವ ಗತ್ತು ನೋಡಬೇಕು, ಮೂಗಿನಲ್ಲೇ ಒಂದು "ಹ್ಞಾಂ". ಹಿತ್ತಲಿನ ಕರಿಬೇವನ್ನು ಕಿತ್ತು ಮುಂಬಾಗಿಲಿಗೆ ಬಂದು ನಮಗೇ ಮಾರುವವನ ಧೈರ್ಯ ಇದು. ನಿಮಗೆ ಬೇಕಾದ ನಾಟಿಲಸ್ ಚಿಪ್ಪು ದೊಡ್ಡದೊಂದು ಪಟ್ಟಿಯಲ್ಲಿನ ಒಂದು ವಸ್ತು ಮಾತ್ರ, ಪ್ರತಿ ಬಾರಿಯೂ ಆ ಪಟ್ಟಿಯಿಂದ ಕೆಲವೇ ಕೆಲವನ್ನು ಚೀಟಿ ಎತ್ತಿದಂತೆ ಆರಿಸಲಾಗುತ್ತದೆ. ಹಳ್ಳಿಯ ವ್ಯಾಪಾರಿಗಳ ಹಾಗೆ ಇವನು ಸರಕು ಮುಗಿದ ಮೇಲೆ ಮತ್ತೆ ತುಂಬಿಕೊಳ್ಳುವುದೂ ಇಲ್ಲ. ಚಿಪ್ಪು ತಂದಿದ್ದರೂ ಒಬ್ಬ ವ್ಯಾಪಾರಿಯ ಬಳಿ ಸಿಗುವುದು ಹೆಚ್ಚೆಂದರೆ 5, ನಿಮಗೆ ಬೇಕಿರುವುದು 8.

2025ರ ಮಾರ್ಚ್‌ನಲ್ಲಿ ಬಂದ 1.21.5ರಲ್ಲಿ ಇವನಿಗೆ ಸ್ವಲ್ಪ ಬುದ್ಧಿ ಬಂದಿದೆ ಎನ್ನಬೇಕು. ಈಗ ನಮ್ಮಿಂದಲೂ ಕೆಲವನ್ನು ಕೊಳ್ಳುತ್ತಾನೆ: ನೀರು ತುಂಬಿದ ಬಾಟಲಿ, ಹಾಲಿನ ಬಕೆಟ್, ಸುಟ್ಟ ಆಲೂಗಡ್ಡೆ, ಹುಲ್ಲಿನ ಕಟ್ಟು. ರಾತ್ರಿ ಮಾಯವಾಗಲು ಕುಡಿಯುವ ಆ ಮದ್ದನ್ನೂ ಮಾರುವ ಪಟ್ಟಿಗೆ ಸೇರಿಸಿಕೊಂಡಿದ್ದಾನೆ. ಅಷ್ಟಾದರೂ ನಾನು ಕಂಡ ಆಟಗಾರರಲ್ಲಿ ಬಹುಪಾಲು ಜನರು ಇವನಲ್ಲಿ ಮೆಚ್ಚುವುದು ಲಾಮಾಗಳ ಹಗ್ಗಗಳನ್ನು ಮಾತ್ರ. ಅದಕ್ಕಾಗಿ ಬಡಪಾಯಿಯ ಮೇಲೆ ಕತ್ತಿ ಎತ್ತುವವರು ಲಾಮಾಗಳು ಮಾಲೀಕನ ಪರವಾಗಿ ಮುಖಕ್ಕೆ ಉಗಿಯುತ್ತವೆ ಎಂಬುದನ್ನು ನೆನಪಿಟ್ಟುಕೊಳ್ಳುವುದು ಒಳಿತು.

ಪಾಳುಕೋಟೆ

ನಿಮ್ಮ ಕೊನೆಯ ಪ್ರಶ್ನೆಗೆ ವಾಲ್‌ಹೈಮ್ ಎಂಬ ಇನ್ನೊಂದು ಆಟ ಆಡುವವನಾಗಿ ಉತ್ತರಿಸುತ್ತೇನೆ. ಅಲ್ಲಿನ ವರ್ತಕ ಹಾಲ್ಡೋರ್ ಅಲೆಯುವವನಲ್ಲ, ಅಲೆಯುವ ಪಾಳಿ ನಮ್ಮದು. ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡಿನ ಪ್ರದೇಶದಲ್ಲಿ ಅವನು ಇರಬಹುದಾದ 10 ಜಾಗಗಳನ್ನು ಆಟ ಮೊದಲೇ ಗುರುತಿಸಿಟ್ಟಿರುತ್ತದೆ. ಅವುಗಳಲ್ಲಿ ಯಾವುದರ ಸಮೀಪಕ್ಕೆ ನಾವು ಮೊದಲು ಹೋಗುತ್ತೇವೋ ಅಲ್ಲಿ ಅವನು ಶಾಶ್ವತವಾಗಿ ನೆಲೆಸುತ್ತಾನೆ, ಉಳಿದ ಜಾಗಗಳು ರದ್ದಾಗುತ್ತವೆ. ಕೇಳಲು ಉದಾರವಾಗಿದೆ. ಆದರೆ ಆ ಜಾಗಗಳು ಹಲವು ದ್ವೀಪಗಳಲ್ಲಿ ಹರಡಿರಬಹುದು, ನಡುವೆ ಸಮುದ್ರ, ಸಮುದ್ರದಲ್ಲಿ ಹಡಗನ್ನೇ ಕಡಿಯುವ ಸರ್ಪ. ನಮ್ಮ ತಂಡದವರು ಪೂರ್ವ ದಿಕ್ಕಿನ ದ್ವೀಪಗಳನ್ನೆಲ್ಲ ಜಾಲಾಡಿ ಸೋತು, ಕೊನೆಗೆ ತಾಮ್ರ ಅಗೆಯಲು ಬೇರೆಡೆಗೆ ಹೊರಟಾಗ ನಕಾಶೆಯಲ್ಲಿ ಅವನ ಗುರುತು ತಾನಾಗಿಯೇ ಮೂಡಿತು.

ಅವನಿಂದ ಕೊಳ್ಳಲೇಬೇಕಾದದ್ದು ಮೆಗಿಂಗ್‌ಯಾರ್ಡ್ ಎಂಬ ನಡುಪಟ್ಟಿ. ಹೊರುವ ಶಕ್ತಿ 300ರಿಂದ 450ಕ್ಕೆ ಏರುತ್ತದೆ, ಬೆಲೆ 950 ನಾಣ್ಯ. ಮೊದಲ ಭೇಟಿಯಲ್ಲಿ ಅಷ್ಟು ನಾಣ್ಯ ಯಾರ ಬಳಿಯೂ ಇರುವುದಿಲ್ಲ ಎಂಬುದು ಬೇರೆ ಮಾತು. ಅದಕ್ಕೇ ಸಲಹೆ: ಅವನ ಗುಡಾರದ ಬಳಿ ತಕ್ಷಣ ಒಂದು ಪೋರ್ಟಲ್ (ದೂರದ ಜಾಗಕ್ಕೆ ಕ್ಷಣದಲ್ಲಿ ದಾಟಿಸುವ ಬಾಗಿಲು) ಕಟ್ಟಿ. ಲೋಹದ ಅದಿರನ್ನು ಪೋರ್ಟಲ್ ಒಪ್ಪದಿದ್ದರೂ ನಾಣ್ಯಗಳನ್ನು ಒಪ್ಪುತ್ತದೆ. ಒಮ್ಮೆ ಸಿಕ್ಕವನು ಮತ್ತೆ ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ನೀಲಿ ನಿಲುವಂಗಿಯವನಿಗಿಂತ ಇವನು ಎಷ್ಟೋ ಮೇಲು.

ಗುದ್ದಲಿಪೂಜೆ

ಟೆರೇರಿಯಾ ಎಂಬ ಆಟದ ಸಂಚಾರಿ ವ್ಯಾಪಾರಿಯನ್ನೂ ಈ ಸಾಲಿಗೆ ಸೇರಿಸಿ. ಊರಿನಲ್ಲಿ ಕನಿಷ್ಠ ಇಬ್ಬರು ನಿವಾಸಿಗಳಿದ್ದರೆ ದಿನವೊಂದಕ್ಕೆ ಅವನು ಬರುವ ಸಾಧ್ಯತೆ ಸುಮಾರು ಶೇಕಡಾ 22. ಬರುವುದು ಬೆಳಗಿನ 4.30ರಿಂದ ಮಧ್ಯಾಹ್ನದೊಳಗೆ, ಹೊರಡುವುದು ಸಂಜೆ 6ಕ್ಕೆ. ಆ ಆಟದ ಒಂದು ಗಂಟೆ ನಮ್ಮ ಒಂದು ನಿಮಿಷ, ಆದ್ದರಿಂದ ಅವನು ಮಧ್ಯಾಹ್ನದ ಹೊತ್ತಿಗೆ ಬಂದರೆ ನಮಗೆ ಉಳಿಯುವುದು 6 ನಿಮಿಷ. ಆದರೆ ಅವನಲ್ಲೊಂದು ಸೌಜನ್ಯವಿದೆ: ಬಂದೊಡನೆ ಪರದೆಯ ಮೇಲೆ ಸಂದೇಶ ಮೂಡುತ್ತದೆ. ಮೈನ್‌ಕ್ರಾಫ್ಟ್ ರೂಪಿಸಿದವರು ಇಷ್ಟೊಂದನ್ನು ಎರವಲು ಪಡೆದಿದ್ದರೆ ಈ ಚರ್ಚೆಯ ಅಗತ್ಯವೇ ಇರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಮಾಷೆಯೆಂದರೆ, ಸುತ್ತಮುತ್ತ ಇರುವ ಅಪರೂಪದ ಜೀವಿಗಳನ್ನು ಪತ್ತೆಹಚ್ಚುವ ಲೈಫ್‌ಫಾರ್ಮ್ ಅನಲೈಸರ್ ಎಂಬ ಯಂತ್ರವನ್ನು ಅಲ್ಲಿ ಮಾರುವವನೂ ಇವನೇ, ಅದೂ ಇವನ ಚೀಲದಲ್ಲಿ ಎಲ್ಲ ದಿನವೂ ಇರುವುದಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಬೆಲ್ ನೆಟ್ಟಾಯಿತು. ಇನ್ನೊಂದು ಸಂದೇಹ: ಅವನು ಬಂದಾಗ ದೋಣಿಯಲ್ಲಿ ಕೂರಿಸಿ, ನೇಮ್ ಟ್ಯಾಗ್ ಹಾಕಿ ಹೆಸರಿಟ್ಟರೆ ಮಾಯವಾಗದೆ ಉಳಿಯುತ್ತಾನೆಯೇ? ಎಮರಾಲ್ಡ್‌ಗಳು ದೂರದ ಇನ್ನೊಂದು ಮನೆಯಲ್ಲಿವೆ, ತರುವುದು ತಡವಾಗುತ್ತದೆ.

ರಾತ್ರಿಪಾಳಿ

ಜಾವಾದಲ್ಲಿ ಉಳಿಯುವುದಿಲ್ಲ. ಹೆಸರಿಟ್ಟರೂ, ದೋಣಿಗೆ ಹತ್ತಿಸಿದರೂ ಅವನ 40 ನಿಮಿಷಗಳು ಓಡುತ್ತಲೇ ಇರುತ್ತವೆ. ಖಾಲಿ ದೋಣಿ ಮಾತ್ರ ನಿಮಗೆ ಉಳಿಯುತ್ತದೆ. ವ್ಯಾಪಾರದ ಕಿಟಕಿ ತೆರೆದಿರುವಷ್ಟು ಹೊತ್ತು ಆ ಎಣಿಕೆ ನಿಲ್ಲುತ್ತದೆ, ಆದರೆ ಕಿಟಕಿ ತೆರೆದಿಟ್ಟು ನೀವು ಎಮರಾಲ್ಡ್ ತರಲು ಹೋಗುವಂತಿಲ್ಲ. ಇನ್ನೊಂದು ದಾರಿ ನಿಮಗೆ ಅನುಕೂಲವಾಗಬಹುದು. ಅವನಿರುವ ಪ್ರದೇಶವು ಲೋಡ್ ಆಗಿರದ (ನೀವು ದೂರ ಹೋದದ್ದರಿಂದ ಆಟವು ಅದನ್ನು ನಡೆಸದೆ ಬಿಟ್ಟಿರುವ) ಹೊತ್ತಿನಲ್ಲಿಯೂ ಅವನ ಕಾಲ ಸರಿಯುವುದಿಲ್ಲ. ಆದ್ದರಿಂದ ನಿಮ್ಮ ಇನ್ನೊಂದು ಮನೆ ನಿಜಕ್ಕೂ ಬಹುದೂರದಲ್ಲಿದ್ದರೆ ಗಾಬರಿಪಡದೆ ಹೋಗಿ ಬನ್ನಿ, ಅವನು ಬಿಟ್ಟಲ್ಲೇ ಇರುತ್ತಾನೆ. ಅಪಾಯವಿರುವುದು ಮನೆ ಹತ್ತಿರದಲ್ಲಿದ್ದಾಗ.

ಚಿಪ್ಪಿನ ವಿಷಯದಲ್ಲಿ ಮಾತ್ರ ಇವನೊಬ್ಬನನ್ನೇ ನೆಚ್ಚಿ ಕೂರಬೇಡಿ. ನಿಮ್ಮ ಮನೆ ಸಮುದ್ರದ ದಡದಲ್ಲೇ ಇದೆ. ರಾತ್ರಿ ನೀರಿಗಿಳಿದು ಡ್ರೌನ್ಡ್‌ಗಳ (ನೀರಿನಲ್ಲಿರುವ ಜೋಂಬಿಗಳು) ಕೈ ಗಮನಿಸಿ; ಅವುಗಳಲ್ಲಿ ನೂರಕ್ಕೆ ಸುಮಾರು ಮೂರು ನಾಟಿಲಸ್ ಚಿಪ್ಪು ಹಿಡಿದುಕೊಂಡೇ ಹುಟ್ಟುತ್ತವೆ, ಕೊಂದಾಗ ಅದನ್ನು ತಪ್ಪದೆ ಬಿಟ್ಟುಹೋಗುತ್ತವೆ. ಗಾಳ ಹಾಕಿ ಕುಳಿತರೂ ಆಗೊಮ್ಮೆ ಈಗೊಮ್ಮೆ ಚಿಪ್ಪು ಸಿಗುತ್ತದೆ, ಬೆಲ್ಲಿನ ಮೇಲೆ ಕಣ್ಣಿಡುವುದಕ್ಕೂ ಅದೇ ಒಳ್ಳೆಯ ಜಾಗ.

ಹಸಿರುಮಣಿ

ಗಾಳ ಹಾಕುವಾಗ ಎಮರಾಲ್ಡ್‌ಗಳನ್ನು ಜೊತೆಯಲ್ಲೇ ಇಟ್ಟುಕೊಳ್ಳಿ. ಓಕ್ ಸಸಿ ತಂದಿದ್ದರೆ ನಮಗೂ ತಿಳಿಸಿ, ಲಾಮಾಗಳಿಗೆ ನಮ್ಮ ನಮಸ್ಕಾರ ಹೇಳಿ.