‘ಸರ್ಜ್’ಗೆ ‘ಹೊಡೆತ’ ಅನ್ನಬಹುದಾ?

ಗೆಳೆಯರೇ, ಮಂಡ್ಯದಲ್ಲಿ ಮೋಡೆಮ್, ವೈಫೈ ಬಾಕ್ಸ್ ರಿಪೇರಿ ಮಾಡುವ ಸ್ನೇಹಿತನ ಅಂಗಡಿಗೆ ಒಂದು ಪುಟದ ಕರಪತ್ರ ಬರೆದುಕೊಡುತ್ತಿದ್ದೇನೆ. ಏಪ್ರಿಲ್–ಮೇ ಗುಡುಗು ಮಳೆ ಶುರುವಾದರೆ ಸುಟ್ಟ ಬಾಕ್ಸುಗಳು ಸಾಲಾಗಿ ಬರುತ್ತವೆ. ‘ಮಿಂಚು’ ಬೇಡ, ‘ಸಿಡಿಲು’ ಅಂತಲೇ ಬರೆಯುತ್ತೇನೆ, ಅದರಲ್ಲಿ ತಕರಾರಿಲ್ಲ. ತೊಡಕಿರೋದು ‘ಸರ್ಜ್’ನಲ್ಲಿ, ಅಂದರೆ ತಂತಿಯಲ್ಲಿ ವೋಲ್ಟೇಜ್ ಒಮ್ಮೆಲೇ ಜಿಗಿದು ಇಳಿಯೋದು. ಅದಕ್ಕೊಂದು ಕನ್ನಡ ಪದ ಬೇಕು.

‘ವೋಲ್ಟೇಜ್ ಏರಿಳಿತ’ ಅಂದರೆ ಸಂಜೆ ಬಲ್ಬು ಮಂಕಾಗಿ ಮತ್ತೆ ಸರಿಹೋಗೋದು, ಅಲ್ವಾ? ಸಿಡಿಲು ಹತ್ತಿರದಲ್ಲಿ ಬಿದ್ದಾಗ ತಂತಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು, ಆದರೆ ಕಣ್ಣು ರೆಪ್ಪೆ ಬಡಿಯುವ ಮೊದಲೇ ಮುಗಿದಿರುತ್ತದೆ. ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸಲು ಬಳಸುವ ಒಂದು ಅಲೆ 8 ಮೈಕ್ರೊಸೆಕೆಂಡಿನಲ್ಲಿ ತುದಿಗೇರಿ 20ಕ್ಕೆಲ್ಲ ಅರ್ಧಕ್ಕೆ ಇಳಿದಿರುತ್ತದೆ. ‘ಉಬ್ಬರ’ ಅಂದರೆ ಸಮುದ್ರ, ‘ಉಲ್ಬಣ’ ಅಂದರೆ ಕಾಯಿಲೆ. ನನಗೆ ಹಿಡಿಸಿದ್ದು ‘ಹೊಡೆತ’. ಸಿಡಿಲು ಹೊಡೀತು ಅಂತ ಎಲ್ಲರೂ ಹೇಳ್ತೀವಿ. ಆದರೆ ‘ಕರೆಂಟ್ ಹೊಡೀತು’ ಅಂದರೆ ಮನುಷ್ಯನಿಗೆ ಶಾಕ್ ಆಯ್ತು ಅಂತ. ‘ಕರೆಂಟ್ ಹೊಡೆತದಿಂದ ರಕ್ಷಣೆ’ ಅಂತ ಬರೆದರೆ ಬಾಕ್ಸ್ ಮುಟ್ಟಬಾರದು ಅಂದ್ಕೋತಾರೆ. ‘ವೋಲ್ಟೇಜ್ ಹೊಡೆತ’ ಅಂದರೆ ಸರಿಹೋಗುತ್ತಾ?

ಇನ್ನೊಂದು ಕೇಳಲೇಬೇಕು. ಗಾಳಿಗೆ ಕರೆಂಟ್ ತಂತಿ ಜೋತು ಫೋನಿನ ತಂತಿಗೆ ತಗಲುತ್ತದೆ. ಇಲ್ಲವೇ ಕಂಬದಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಟ್ಟಾಗಿ, 230 ಇರಬೇಕಾದ ಮನೆಗೆ 400ರ ಹತ್ತಿರ ನುಗ್ಗುತ್ತದೆ. ಇದು ಹೊಡೆದು ಹೋಗುವುದಲ್ಲ, ನಿಮಿಷಗಟ್ಟಲೆ ಕೂತುಬಿಡುತ್ತದೆ. ಸಿಡಿಲಿನ ಹೊಡೆತವನ್ನು ಬೋರ್ಡಿನ ಮೇಲಿನ ಪುಟ್ಟ ಗ್ಯಾಸ್ ಟ್ಯೂಬೋ, ಬಿಲ್ಲೆಯಂಥ ವೇರಿಸ್ಟರೋ ಅರ್ಥಿಂಗಿಗೆ ದಾಟಿಸಿ ಸುಮ್ಮನಾಗುತ್ತದೆ. ಕೂತ ವೋಲ್ಟೇಜಿಗೆ ಅದೇ ಬಿಲ್ಲೆ ಕಾದು ಕಾದು ಕರಕಲಾಗುತ್ತದೆ. ಅಲ್ಲಿ ಫ್ಯೂಸ್ ಹೋಗಿ ದಾರಿಯೇ ಕಡಿಯಬೇಕು. ಎರಡಕ್ಕೂ ಒಂದೇ ಹೆಸರಿಟ್ಟರೆ, ಸರ್ಜ್ ಪ್ರೊಟೆಕ್ಟರ್ ಇದೆಯಲ್ಲ ಅಂತ ಗಿರಾಕಿ ನೆಮ್ಮದಿಯಾಗಿರ್ತಾನೆ.

ಸ್ನೇಹಿತ ಬಾಯಲ್ಲಿ ಎರಡಕ್ಕೂ ‘ಹೈ ವೋಲ್ಟೇಜ್ ಬಂದ್ಬಿಟ್ಟಿದೆ’ ಅಂತಾನೆ. ಆದರೆ ಬಾಕ್ಸ್ ಬಿಚ್ಚಿ ನೋಡಿ ಬೇರೆ ಮಾಡ್ತಾನೆ: ಲೈನ್ ಸಿಕ್ಕಿಸುವ ಪಿನ್ ಪಕ್ಕ ತಾಮ್ರದ ಗೆರೆ ಕಿತ್ತು ಹಾರಿದ್ದರೆ ಸಿಡಿಲು, ಬಿಲ್ಲೆ ಕಪ್ಪಾಗಿ ಸುತ್ತಲಿನ ಪ್ಲಾಸ್ಟಿಕ್ ಕರಗಿದ್ದರೆ ಕರೆಂಟ್ ಲೈನು. ಅವನ ಲೆಕ್ಕ ಪ್ರತಿಸಲ ಸರಿ ಅಂತ ಹೇಳಲ್ಲ, ಆದರೆ ಪದಕ್ಕಿಂತ ಕಣ್ಣು ಚುರುಕಾಗಿದೆ.

ಎರಡನೆಯದಕ್ಕೆ ಸದ್ಯ ‘ಲೈನ್ ತಗಲಿದರೆ’, ‘ನ್ಯೂಟ್ರಲ್ ಹೋದರೆ’ ಅಂತ ಬಿಡಿಬಿಡಿಯಾಗಿ ಬರೆದಿದ್ದೇನೆ. ‘ಅಧಿಕ ವಿದ್ಯುದೊತ್ತಡ’ ದಯವಿಟ್ಟು ಬೇಡ, ಅದನ್ನು ಯಾರೂ ಓದಲ್ಲ. ಮೈಸೂರು, ಪಾಂಡವಪುರ, ಮಳವಳ್ಳಿ ಕಡೆ ಲೈನ್‌ಮ್ಯಾನ್‌ಗಳು, ಕೇಬಲ್ ಹುಡುಗರು ಇದಕ್ಕೆ ಏನಂತಾರೆ? ಕೇಳಿದವರಿದ್ದರೆ ಅವರ ಮಾತಲ್ಲೇ ಬರೆದು ಕಳಿಸಿ.