ಡಿಪಾಪ್ಯುಲೇಷನ್: ಜನ ಹೋದರೋ, ಕಳಿಸಿದರೋ? (ಹಳೇ ಕ್ಲಾಸ್‌ಮೇಟ್ಸ್ ಗುಂಪಿನಿಂದ)

ಪ್ರಕಾಶ: (ಫಾರ್ವರ್ಡ್) ದಿನಕ್ಕೊಂದು ಪದ: ಡಿಪಾಪ್ಯುಲೇಷನ್. ಲ್ಯಾಟಿನ್‌ನಲ್ಲಿ 'ಡಿ' ಅಂದರೆ ಇಲ್ಲದಿರುವುದು, 'ಪೊಪುಲಸ್' ಅಂದರೆ ಜನ. ಅಂದರೆ ಜನ ಕಡಿಮೆಯಾಗುವುದು. 🙏

ಸುಮಾ: ಅರ್ಥ ಸರಿ, ಹುಟ್ಟಿದ ಕಥೆ ತಪ್ಪು. ಯಾರು ಬರೆಯುತ್ತಾರೋ ಇದನ್ನೆಲ್ಲ.

ಪ್ರಕಾಶ: ಶುರುವಾಯ್ತು. ಪದ ಒಡೆದರೆ ಹಾಗೇ ಬರುತ್ತದೆ, ಅಲ್ವಾ?

ಸುಮಾ: ಬರುತ್ತದೆ. ಆದರೆ ರೋಮನ್ನರು ಹಾಗೆ ಬಳಸುತ್ತಿರಲಿಲ್ಲ. 'ಡೆಪೊಪುಲಾರಿ' ಅಂದರೆ ಸೂರೆ ಮಾಡು, ಹಾಳುಗೆಡವು. ಗಾಲ್ (ಈಗಿನ ಫ್ರಾನ್ಸ್ ಕಡೆ) ಯುದ್ಧದ ಬಗ್ಗೆ ರೋಮನ್ ಸೇನಾಪತಿ ಸೀಸರ್ ಬರೆದದ್ದು ನೋಡು. ಶತ್ರುಗಳು ರೋಮಿನ ಪರ ಇದ್ದ ರೇಮಿ ಅನ್ನೋ ಬುಡಕಟ್ಟಿನ ಜನರ ಹೊಲಗಳನ್ನು ಡೆಪೊಪುಲಾರಿ ಮಾಡಿದರು ಅನ್ನುತ್ತಾನೆ. ಹೊಲದಲ್ಲಿ ಯಾವ ಜನಸಂಖ್ಯೆ ಇಳಿಯುತ್ತದೆ? ಅಲ್ಲಿ 'ಡೆ' ಅಂದರೆ ಪೂರ್ತಿಯಾಗಿ ಅಂತ.

ರಾಘು: ಹಾಗಾದರೆ ಪೊಪುಲಸ್‌ಗೂ ಇದಕ್ಕೂ ಸಂಬಂಧವೇ ಇಲ್ವಾ?

ಸುಮಾ: ಇದೆ ಅಂತಲೇ ಹೆಚ್ಚಿನವರ ಊಹೆ. ಪೊಪುಲಸ್‌ಗೆ ಮೊದಲು ದಂಡು ಅನ್ನೋ ಅರ್ಥ ಇತ್ತಂತೆ. ದಂಡು ನುಗ್ಗಿದ ಮೇಲೆ ಇನ್ನೇನು ಉಳಿಯುತ್ತದೆ.

ಪ್ರಕಾಶ: ಎರಡು ಸಾವಿರ ವರ್ಷದ ಹಿಂದಿನ ಮಾತು ಬಿಡಮ್ಮ. ಜಪಾನಿನಲ್ಲಿ 2008ರ ಹೊತ್ತಿನಿಂದ ಜನ ಕಡಿಮೆಯಾಗುತ್ತಿದ್ದಾರೆ. ಅಲ್ಲಿಗೆ ಯಾವ ದಂಡು ಬಂತು?

ಸುಮಾ: ಅದಕ್ಕೂ ಈಗ ಬಳಸುತ್ತಾರೆ. ಆದರೆ ಯಾರೋ ಖಾಲಿ ಮಾಡಿಸಿದರು ಅನ್ನೋ ಅರ್ಥ ಇಂಗ್ಲಿಷಿನಲ್ಲೂ ತುಂಬಾ ಕಾಲ ಇತ್ತು. ಕುರಿ ಮೇಯಿಸೋಕೆ ಅಂತ ಜಮೀನ್ದಾರರು ಹೊಲಕ್ಕೆ ಬೇಲಿ ಹಾಕಿ ರೈತರನ್ನು ಒಕ್ಕಲೆಬ್ಬಿಸಿದರಲ್ಲ, ಅದನ್ನೇ ಡಿಪಾಪ್ಯುಲೇಷನ್ ಅಂದರು. 1607ರಲ್ಲಿ ಇಂಗ್ಲೆಂಡಿನ ನಡುಭಾಗದ ಜನ ದಂಗೆ ಎದ್ದು ಬೇಲಿ ಕಿತ್ತು ಹಾಕಿದರು. ಆಮೇಲೆ ಡಿಪಾಪ್ಯುಲೇಷನ್ ವಿಚಾರಣೆಗೇ ಒಂದು ಆಯೋಗ ಕೂತಿತು.

ರಾಘು: ಐರ್ಲೆಂಡಿಗೆ ಏನಂತೀಯ? 1841ರಲ್ಲಿ ಸುಮಾರು 82 ಲಕ್ಷ ಜನ, 1851ರಲ್ಲಿ 65 ಲಕ್ಷ. ಆಲೂಗಡ್ಡೆಗೆ ರೋಗ ಬಂತು. ಯಾರೂ ಓಡಿಸಲಿಲ್ಲ.

ಸುಮಾ: ಓಡಿಸಲಿಲ್ವಾ? ಗೇಣಿ ಕಟ್ಟಲಾಗದವರ ಮನೆಯ ಸೂರು ಕಿತ್ತು ಹೊರಹಾಕಿದರು. ಹಡಗು ಹತ್ತಿದವರೆಲ್ಲ ಖುಷಿಯಿಂದ ಹತ್ತಿದರಾ?

ರಾಘು: ರೋಗ, ಹಸಿವು, ಗೇಣಿ ಮೂರೂ ಸೇರಿತ್ತು ಅನ್ನು. ಎಲ್ಲಾ ಜಮೀನ್ದಾರರ ತಲೆಗೇ ಕಟ್ಟಬೇಡ.

ನಸೀಮಾ: ನಮ್ಮ ಪಶುವೈದ್ಯರ ಲೋಕದಲ್ಲಿ ಇದೇ ಪದಕ್ಕೆ ಬೇರೆ ಕೆಲಸ. ಹಕ್ಕಿಜ್ವರ ಬಂದಾಗ ಫಾರಂನ ಕೋಳಿಗಳನ್ನೆಲ್ಲ ಒಟ್ಟಿಗೆ ಕೊಲ್ಲುತ್ತಾರಲ್ಲ, ಅದು ಡಿಪಾಪ್ಯುಲೇಷನ್. ಕೇಳೋಕೆ ಎಷ್ಟು ಮೆತ್ತಗಿದೆ ನೋಡಿ.

ಸುಮಾ: ಪ್ರಕಾಶ, ಕೋಳಿಗಳು ತಾವಾಗಿಯೇ ಕಡಿಮೆಯಾದವಾ? 😄

ಪ್ರಕಾಶ: ಸುಮ್ನೆ ಕೋಳಿ ಕಡೆ ಎಳೀಬೇಡ. ಜಪಾನಿಗೆ ಉತ್ತರ ಇನ್ನೂ ಬಂದಿಲ್ಲ.

ಸುಮಾ: ಮಕ್ಕಳು ಕಡಿಮೆ ಹುಟ್ಟುತ್ತಿದ್ದರೆ ಜನಸಂಖ್ಯೆ ಇಳಿಕೆ ಅಂದರೆ ಸಾಕು. ಊರಿಗೆ ಊರೇ ಖಾಲಿಯಾದರೆ ಈ ಪದ ಹಾಕು.

ಪ್ರಕಾಶ: ಡಿಕ್ಷನರಿ ಎರಡಕ್ಕೂ ಸೈ ಅನ್ನುತ್ತದೆ. ನಾನು ಡಿಕ್ಷನರಿ ಕಡೆ.