ಐರ್ಲೆಂಡಿನ ಐರಿಷ್ ಭಾಷೆಯ ಚಾನೆಲ್ 1996ರಲ್ಲಿ ಹೇಗೆ ಹುಟ್ಟಿತು?

ತುಂಗಾದಂಡೆ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಮಗಳು ಗಾಲ್ವೇಯಲ್ಲಿ ನರ್ಸ್. ಅವಳ ಎರಡನೇ ಬಾಣಂತನಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅಲ್ಲಿನ ಮಳೆ ಆಗುಂಬೆ ಮಳೆಯ ಹಾಗೆ ಹೊಡೆಯುವುದಿಲ್ಲ. ಸೋನೆ ಹಿಡಿದು ಕೂತುಬಿಡುತ್ತದೆ. ಕೂಸು ಮಲಗಿದ ಮೇಲೆ ನಾನು ಟಿವಿ ಹಾಕುತ್ತಿದ್ದೆ.

ಒಂದು ಚಾನೆಲಿನಲ್ಲಿ ಆಗಾಗ "ಸೂಲ್ ಎಲೆ" ಅಂತ ಕೇಳುತ್ತಿತ್ತು. ನಮ್ಮ ಎಲೆ ಇಲ್ಲಿಗೆ ಹೇಗೆ ಬಂತು ಅಂದುಕೊಂಡೆ. ಎಂಟು ವರ್ಷದ ಮೊಮ್ಮಗಳು ಬಿಡಿಸಿ ಹೇಳಿದಳು: "ಅಜ್ಜಿ, ಸೂಲ್ ಅಂದ್ರೆ ಕಣ್ಣು. ಎಲೆ ಅಂದ್ರೆ ಇನ್ನೊಂದು." ಅವಳಿಗೆ ಶಾಲೆಯಲ್ಲಿ ಐರಿಷ್ ಕಲಿಸುತ್ತಾರೆ. ಚಾನೆಲಿನ ಹೆಸರು ಟಿಜಿ4. 1996ರಲ್ಲಿ ಶುರುವಾಯಿತಂತೆ.

ಆ ವರ್ಷ ನಮ್ಮನೆಯಲ್ಲಿ ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿದ್ದೆವು. ಒಬ್ಬರು ಅಂಗಳದಲ್ಲಿ ನಿಂತು ತಿರುಗಿಸಬೇಕು, ಒಳಗಿನವರು "ಬಂತು, ಬಂತು, ಹೋಯ್ತು" ಅಂತ ಕೂಗಬೇಕು. ಆಷಾಢದಲ್ಲಿ ಅದೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಗಾಲ್ವೇ ಪೇಟೆಯಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಇಂಗ್ಲಿಷ್. ಹಾಗಿದ್ದರೂ ಐರಿಷ್‌ಗೆ ಒಂದು ಇಡೀ ಚಾನೆಲ್ ಹೇಗೆ ಸಿಕ್ಕಿತು? ಸರ್ಕಾರವೇ ಕೊಟ್ಟಿತಾ, ಜನ ಕೇಳಿ ಪಡೆದರಾ?

ಕೊಪ್ಪದವ, ಈಗ ಗಾಲ್ವೇ:

ಜನ ಕೇಳಿ ಪಡೆದದ್ದು ಅಮ್ಮ. ಕೇಳಿದ್ದು ಸಾಲದೆ ತಾವೇ ಮಾಡಿ ತೋರಿಸಿದರು.

ಐರ್ಲೆಂಡಿನ ಸರ್ಕಾರಿ ಟಿವಿ ಶುರುವಾದದ್ದು 1961ರ ಡಿಸೆಂಬರ್ 31ರ ರಾತ್ರಿ, ಡಬ್ಲಿನ್‌ನಿಂದ. ಸಂವಿಧಾನದಲ್ಲಿ ಐರಿಷ್‌ಗೇ ಮೊದಲ ಸ್ಥಾನ. ಟಿವಿಯಲ್ಲಿ ಮಾತ್ರ ಅದಕ್ಕೆ ಸಿಕ್ಕಿದ್ದು ಚೂರು ಜಾಗ. ಗಾಲ್ವೇಯ ಪಶ್ಚಿಮಕ್ಕೆ ಕಾನೆಮಾರಾ ಅಂತ ಸೀಮೆ ಇದೆ. ಬರೀ ಕಲ್ಲು, ಕೆರೆ, ಗಾಳಿ. ಅಲ್ಲಿ ಇನ್ನೂ ಐರಿಷ್ ಮನೆಮಾತು. 1970ರಲ್ಲಿ ಅಲ್ಲಿಯವರು ಲೈಸೆನ್ಸ್ ಇಲ್ಲದೆ ಒಂದು ರೇಡಿಯೊ ನಡೆಸಿದರು. 1972ರಲ್ಲಿ ಸರ್ಕಾರವೇ ಐರಿಷ್ ರೇಡಿಯೊ ಶುರು ಮಾಡಿತು. ಟಿವಿಗೂ ಅದೇ ದಾರಿ ಹಿಡಿದರು. 1987ರ ನವೆಂಬರ್‌ನಲ್ಲಿ ರೋಸ್ ಮಕ್ ಅನ್ನೋ ಊರಿನಲ್ಲಿ ಚಂದಾ ಎತ್ತಿ, ಟ್ರಾನ್ಸ್‌ಮಿಟರ್ ಹೂಡಿ, ತಮ್ಮದೇ ಕಾರ್ಯಕ್ರಮ ಬಿಟ್ಟರು. ಇದೂ ಲೈಸೆನ್ಸ್ ಇಲ್ಲದ್ದೇ. ನಮ್ಮ ಭಾಷೆಯಲ್ಲಿ ಟಿವಿ ಆಗುವುದಿಲ್ಲ ಅನ್ನುವವರು ಬಂದು ನೋಡಲಿ ಅನ್ನುವ ಹಾಗೆ.

1990ರ ದಶಕದಲ್ಲಿ ಸಂಸ್ಕೃತಿ ಮತ್ತು ಐರಿಷ್ ಸೀಮೆಗಳ ಖಾತೆ ಮೈಕಲ್ ಡಿ. ಹಿಗ್ಗಿನ್ಸ್ ಕೈಗೆ ಬಂತು. ಗಾಲ್ವೇಯಿಂದ ಗೆದ್ದವರು, ಕವಿ. ಮುಂದೆ 2011ರಲ್ಲಿ ದೇಶದ ಅಧ್ಯಕ್ಷರೂ ಆದರು. ಅವರು ಪಟ್ಟು ಹಿಡಿದರು. 1996ರ ಅಕ್ಟೋಬರ್ 31ರ ರಾತ್ರಿ ಚಾನೆಲ್ ಹುಟ್ಟಿತು. ಆಗ ಹೆಸರು ತೆಲಿಫೀಶ್ ನ ಗೇಲ್ಗೆ. ಟಿಜಿ4 ಆದದ್ದು 1999ರಲ್ಲಿ. ತಾರೀಖು ಗಮನಿಸಿದಿರಾ? ಮಾರನೇ ದಿನ ನಮ್ಮ ರಾಜ್ಯೋತ್ಸವ, ಅದೂ ನಲವತ್ತನೇ ವರ್ಷದ್ದು.

ನನಗೆ ತುಂಬಾ ಹಿಡಿಸಿದ್ದು ಬೇರೆ. ಸ್ಟುಡಿಯೊವನ್ನು ಡಬ್ಲಿನ್‌ನಲ್ಲಿ ಕಟ್ಟಲಿಲ್ಲ. ಕಾನೆಮಾರಾದ ಬಾಲೆ ನ ಹೌನ್ ಅನ್ನೋ ಪುಟ್ಟ ಊರಲ್ಲಿ ಕಟ್ಟಿದರು. ಆ ಹೆಸರಿನ ಅರ್ಥ ಹೊಳೆಯ ಊರು. ಬೆಂಗಳೂರು ಬಿಟ್ಟು ನಮ್ಮ ಮೇಗರವಳ್ಳಿಯಲ್ಲಿ ಚಾನೆಲ್ ತೆರೆದರೆ ಹೇಗಿರುತ್ತದೆ, ಯೋಚಿಸಿ. ಆ ಊರಿನ ಹುಡುಗ ಹುಡುಗಿಯರು ಕ್ಯಾಮೆರಾ ಹಿಡಿದರು, ಸುದ್ದಿ ಓದಿದರು, ಅಲ್ಲೇ ಮನೆ ಮಾಡಿದರು.

ಅಡಿಕೆತೋಟ (ಸಾಗರ):

ವಿರೋಧ ಇರಲಿಲ್ವಾ? ಮನೆಯಲ್ಲಿ ನಾವು ಆಡುವುದು ಹವ್ಯಕ ಕನ್ನಡ. ಮಗಳು ಶಿವಮೊಗ್ಗದ ಹಾಸ್ಟೆಲ್‌ಗೆ ಸೇರಿದ ಮೇಲೆ ಫೋನಿನಲ್ಲೂ ಅದನ್ನು ಬಿಟ್ಟಿದ್ದಾಳೆ. ಯಾರಾದರೂ ಕೇಳಿಸಿಕೊಳ್ಳುತ್ತಾರೆ ಅಂತ ನಾಚಿಕೆ. ಅಂಥ ನಾಚಿಕೆ ಅಲ್ಲೂ ಇರಬೇಕು ಅಲ್ವಾ?

ಕೊಪ್ಪದವ, ಈಗ ಗಾಲ್ವೇ:

ಎರಡೂ ಇತ್ತು. ಇಷ್ಟು ಕಡಿಮೆ ಜನಕ್ಕೆ ಅಷ್ಟೊಂದು ದುಡ್ಡು ಯಾಕೆ ಅಂತ ಪತ್ರಿಕೆಗಳಲ್ಲಿ ಜಗಳವೇ ನಡೆಯಿತು. ಚಾನೆಲಿನ ಮೊದಲ ಮುಖ್ಯಸ್ಥ ಕಹಲ್ ಗೋನ್. ಪಾಠ ಹೇಳುವ ಚಾನೆಲ್ ಆಗಲಿಲ್ಲ ಅದು. ಫುಟ್‌ಬಾಲ್, ಹರ್ಲಿಂಗ್ ಅನ್ನೋ ಅಲ್ಲಿನ ಕೋಲು-ಚೆಂಡಿನ ಆಟ, ಹಾಡು, ಮಕ್ಕಳ ಕಾರ್ಟೂನ್ ಎಲ್ಲ ಬಂತು. ಭಾಷೆ ಬಾರದವರಿಗೆ ಕೆಳಗೆ ಇಂಗ್ಲಿಷ್ ಸಾಲು. ರೋಸ್ ನ ರೂನ್ ಅನ್ನೋ ಧಾರಾವಾಹಿಯನ್ನು 1996ರಿಂದಲೂ ಅದೇ ಸೀಮೆಯ ಸ್ಪಿಡಲ್‌ನಲ್ಲಿ ತೆಗೆಯುತ್ತಿದ್ದಾರೆ. ಅದರಲ್ಲಿ ಜನ ಐರಿಷ್‌ನಲ್ಲೇ ಪ್ರೀತಿ ಮಾಡುತ್ತಾರೆ, ಮೋಸ ಹೋಗುತ್ತಾರೆ, ಸಾಲ ಕೇಳುತ್ತಾರೆ. ನಾಚಿಕೆ ಬಿಡಿಸಲು ಇದಕ್ಕಿಂತ ದೊಡ್ಡ ಮದ್ದು ನನಗೆ ಗೊತ್ತಿಲ್ಲ.

2007ರಲ್ಲಿ ಚಾನೆಲ್ ಡಬ್ಲಿನ್‌ನ ಸರ್ಕಾರಿ ಟಿವಿ ಸಂಸ್ಥೆಯ ಕೈಯಿಂದ ಬಿಡಿಸಿಕೊಂಡು ಸ್ವತಂತ್ರವೂ ಆಯಿತು.

ತುಂಗಾದಂಡೆ (ತೀರ್ಥಹಳ್ಳಿ):

ತುಂಬಾ ಉಪಕಾರವಾಯಿತು. ರೋಸ್ ನ ರೂನ್ ನಾನೂ ನೋಡಿದ್ದೇನೆ! ಭಾಷೆ ಬರದಿದ್ದರೂ ಯಾರು ಯಾರ ಮೇಲೆ ಮುನಿಸಿಕೊಂಡರು ಅಂತ ತಿಳಿಯುತ್ತಿತ್ತು. ಸಾಗರದವರೇ, ಮಗಳು ರಜೆಗೆ ಬಂದಾಗ ಅಜ್ಜಿ ಹತ್ತಿರ ಕೂರಿಸಿ. ಅವರ ಮಾತನ್ನು ಅವಳ ಫೋನಿನಲ್ಲೇ ವಿಡಿಯೊ ಮಾಡಿಸಿ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದಾದರೂ ಸಾಕು. ಮಾಡಿದರೆ ಇಲ್ಲಿ ಹಾಕಿ, ಮೊದಲು ನೋಡುವವಳು ನಾನೇ.